ತೋಡಿನ ನೀರಿನ ಬಣ್ಣಕ್ಕೆ ಒಂದು ಕಾಲಂ

ವಿರಾಜಪೇಟೆಯ ಒಂದು ಹಾರ್ಡ್‌ವೇರ್ ಅಂಗಡಿಯ ಮಹಡಿಯಲ್ಲಿ ನನ್ನ ಕೋಣೆ ಇದೆ. ಎರಡು ಮೇಜು, ಎರಡು ಕಂಪ್ಯೂಟರ್, ಕರೆಂಟು ಹೋದರೆ ಸ್ವಲ್ಪ ಹೊತ್ತು ತಡೆಯುವ ಒಂದು ಯುಪಿಎಸ್. ಕೆಳಗೆ ಪೈಪು ಕತ್ತರಿಸುವ ಸದ್ದು ಶುರುವಾದರೆ ಫೋನಿನಲ್ಲಿ ಮಾತಾಡಲು ಆಗುವುದಿಲ್ಲ. ಮೊದಲು ಇದೇ ಪೇಟೆಯಲ್ಲಿ ಅರ್ಜಿ, ಮದುವೆ ಕಾಗದ, ಪರೀಕ್ಷೆಯ ಪ್ರಶ್ನೆಪತ್ರಿಕೆಗಳನ್ನು ಟೈಪು ಮಾಡಿಕೊಡುತ್ತಿದ್ದೆ. ಹೋಂಸ್ಟೇಗಳು ಹೆಚ್ಚಾದ ಮೇಲೆ ಎಲ್ಲರೂ ವೆಬ್‌ಸೈಟ್ ಬೇಕು ಎನ್ನತೊಡಗಿದರು. ನೋಡಿ, ಕಲಿತು, ತಪ್ಪು ಮಾಡಿ, ಮತ್ತೆ ಕಲಿತು ಆ ಕೆಲಸಕ್ಕೆ ಇಳಿದೆ. ಮೂರ್ನಾಡಿನಿಂದ ದಿನಾ ಬಸ್ಸಿನಲ್ಲಿ ಬಂದು ಹೋಗುತ್ತೇನೆ. ಹೇಳಿಕೊಳ್ಳುವಂಥ ಕಾಲೇಜಿನಲ್ಲಿ ಓದಿದವಳಲ್ಲ, ಹಾಗಾಗಿ ಕಂಪ್ಯೂಟರಿನಲ್ಲಿ ಏನಾದರೂ ಹೊಸದು ಕಂಡರೆ ಇವತ್ತಿಗೂ ನನಗೆ ಒಂದು ಕ್ಷಣ ಮೈ ಜುಮ್ಮೆನ್ನುತ್ತದೆ. ಅಂಥದ್ದರಲ್ಲಿ ಎಲ್ಲಕ್ಕಿಂತ ದೊಡ್ಡದು ಯಾವುದೆಂದು ಕೇಳಿದರೆ ಈ ಮಳೆಯ ಕೆಲಸದ ಕತೆ ಹೇಳುತ್ತೇನೆ.

ಕಾಫಿ ಬೆಳೆಗಾರರ ಒಂದು ಸೊಸೈಟಿಯವರು ಕರೆದು ಒಪ್ಪಿಸಿದ ಕೆಲಸ ಅದು. ನಮ್ಮಲ್ಲಿ ಎಸ್ಟೇಟ್ ಇದ್ದವರ ಮನೆಯಲ್ಲಿ ದೇವರ ಪಟ ಇಲ್ಲದಿದ್ದರೂ ಮಳೆ ಅಳೆಯುವ ಗೇಜು ಇರುತ್ತದೆ ಎಂದು ತಮಾಷೆ ಮಾಡುವುದುಂಟು. ಬೆಳಿಗ್ಗೆ ಎದ್ದು ಗೇಜಿನ ನೀರನ್ನು ಅಳತೆಯ ಗಾಜಿಗೆ ಸುರಿದು, ಇಷ್ಟು ಇಂಚು ಇಷ್ಟು ಸೆಂಟು ಎಂದು ಪುಸ್ತಕದಲ್ಲಿ ಬರೆಯುತ್ತಾರೆ. ಒಂದು ಇಂಚಿಗೆ ನೂರು ಸೆಂಟು. ಅಜ್ಜ ಬರೆದ ಪುಸ್ತಕದ ಮುಂದಿನ ಹಾಳೆಯಲ್ಲಿ ಮೊಮ್ಮಗಳು ಬರೆಯುತ್ತಾಳೆ. ಸೊಸೈಟಿಯವರು ಕೆಲವು ವರ್ಷಗಳ ಹಿಂದೆ ಈ ಪುಸ್ತಕಗಳನ್ನೆಲ್ಲ ಸೇರಿಸಿ, ಎಲ್ಲ ಎಸ್ಟೇಟಿನವರೂ ಒಂದೇ ಕಡೆ ಮಳೆ ಬರೆಯುವ ಹಾಗೆ ಒಂದು ವೆಬ್ ಅಪ್ಲಿಕೇಶನ್ ಮಾಡಿಸಿದ್ದರು. ಈಗ ಅದು ಹಳತಾಗಿತ್ತು, ಮೊಬೈಲಿನಲ್ಲಿ ತೆರೆಯುತ್ತಿರಲಿಲ್ಲ.

“ಮಾಡಿದ ಹುಡುಗ ಈಗ ಎಲ್ಲಿದ್ದಾನೋ ಗೊತ್ತಿಲ್ಲಮ್ಮ,” ಎಂದರು ಸೊಸೈಟಿಯ ಕಾರ್ಯದರ್ಶಿ. ಅವರದು ಮಡಚಿದ ತೋಳಿನ ಬಿಳಿ ಅಂಗಿ, ಮಾತಿಗೊಮ್ಮೆ ಕಿಟಕಿಯ ಹೊರಗೆ ನೋಡಿ ಮೋಡ ಅಳೆಯುವ ಅಭ್ಯಾಸ. “ನೀನು ಅದನ್ನ ಕ್ಲೀನ್ ಮಾಡು. ಬೇಡದ್ದೆಲ್ಲ ತೆಗೆದು ಬಿಸಾಡು. ಮುಂದಿನ ಮಳೆಗಾಲಕ್ಕೆ ಮೊಬೈಲಲ್ಲಿ ಬರೀಬೇಕು, ಅಷ್ಟೇ.”

“ಆಯ್ತು ಸರ್,” ಎಂದು ಹೊರಟು ಬಂದೆ.

ಕೆಲಸ ಅಷ್ಟು ಸುಲಭವಿರಲಿಲ್ಲ. ಗೊತ್ತಿಲ್ಲದವರಿಗಾಗಿ ಹೇಳುತ್ತೇನೆ. ಇಂಥ ಅಪ್ಲಿಕೇಶನ್ನಿನಲ್ಲಿ ಎರಡು ಭಾಗ. ಒಂದು, ನಾವು ಬರೆಯುವ ಕೋಡ್, ಅಂದರೆ ಕಂಪ್ಯೂಟರ್ ಏನು ಮಾಡಬೇಕು ಎನ್ನುವ ಆದೇಶಗಳ ಫೈಲುಗಳು. ಇನ್ನೊಂದು ಡೇಟಾಬೇಸ್. ಮಾಹಿತಿಯೆಲ್ಲ ಅದರೊಳಗೆ, ರಿಜಿಸ್ಟರಿನ ಹಾಗೆ, ಟೇಬಲ್ಲುಗಳಲ್ಲಿ ಕಾಲಂ ಕಾಲಂ ಆಗಿ ಕೂತಿರುತ್ತದೆ. ಕೋಡಿನ ಫೈಲನ್ನು ತೆರೆದರೆ ಆ ಕಾಲಮ್ಮುಗಳು ಕಾಣುವುದಿಲ್ಲ. ಯಾವ ಟೇಬಲ್ಲಿನಲ್ಲಿ ಯಾವ ಕಾಲಂ ಇದೆ ಎಂದು ತಿಳಿಯಲು ಬೇರೆ ಕಿಟಕಿ ತೆರೆದು ನೋಡಿ ಬಂದು, ನೆನಪಿಟ್ಟುಕೊಂಡು ಬರೆಯಬೇಕು. ಅಡುಗೆಮನೆಯಲ್ಲಿ ನಿಂತು ಅಡುಗೆ ಮಾಡುತ್ತ, ಉಪ್ಪಿದೆಯೋ ಇಲ್ಲವೋ ನೋಡಲು ಪ್ರತಿ ಸಲ ಅಟ್ಟಕ್ಕೆ ಹತ್ತಿ ಬಂದ ಹಾಗೆ.

ಆ ಹುಡುಗ ಇಟ್ಟ ಕಾಲಮ್ಮಿನ ಹೆಸರುಗಳೋ! ma_c, di, hu, an, ne_ba. ಒಂದು ಅಕ್ಷರ ಹೆಚ್ಚು ಬರೆದರೆ ಕೈ ನೋಯುತ್ತದೆ ಎನ್ನುವವನ ಹಾಗೆ. ma_c ಎಂದರೆ ಮಳೆ, ಸೆಂಟಿನಲ್ಲಿ ಎಂದು ಊಹಿಸಿದೆ. di ದಿನಾಂಕ. ಉಳಿದವು ತಿಳಿಯಲಿಲ್ಲ. ne_ba ಎಂಬುದರಲ್ಲಿ ಸೊನ್ನೆ, ಒಂದು, ಎರಡು, ಮೂರು ಈ ನಾಲ್ಕೇ ಅಂಕಿಗಳು. ಹೆಚ್ಚಿನ ಸಾಲುಗಳಲ್ಲಿ ಖಾಲಿ. ಈಚಿನ ವರ್ಷಗಳಲ್ಲಂತೂ ಯಾರೂ ಬರೆದೇ ಇರಲಿಲ್ಲ.

ಕಾರ್ಯದರ್ಶಿಗೆ ಫೋನು ಮಾಡಿ ಕೇಳಿದೆ.

“ನೆ-ಬ? ಎಂತ ಅದು? ನಾನು ಕೇಳ್ಲೇ ಇಲ್ಲ. ಖಾಲಿ ಇದ್ರೆ ತೆಗೆದು ಬಿಡು ಮಾರಾಯ್ತಿ.”

ತೆಗೆಯುವ ಆದೇಶವನ್ನು ಬರೆದೂ ಇಟ್ಟೆ. ಒಂದು ಸಾಲು ಅಷ್ಟೇ. ಅದನ್ನು ಓಡಿಸಿದರೆ ಆ ಕಾಲಂ, ಅದರೊಳಗಿನ ಅಂಕಿಗಳ ಸಮೇತ, ಇರಲೇ ಇಲ್ಲ ಎಂಬಂತೆ ಹೋಗಿಬಿಡುತ್ತದೆ. ಸೋಮವಾರ ಓಡಿಸೋಣವೆಂದುಕೊಂಡೆ.

ಅಷ್ಟರಲ್ಲಿ ಇನ್ನೊಂದು ತಲೆನೋವು. ನಾನು ಹೊಸದಾಗಿ ಮಾಡಿದ ಒಂದು ಪುಟವನ್ನು ಕೆಲವರಿಗೆ ನೋಡಲು ಕೊಟ್ಟಿದ್ದೆ. ಅವರಲ್ಲಿ ಒಬ್ಬ ಎಸ್ಟೇಟಿನವರು ಫೋನು ಮಾಡಿ ರೇಗಿದರು. “ನಮ್ಮ ಮಗಳ ಮದುವೆ ದಿನ ಮಳೆ ಬಂತು ಅಂತ ಇದೆಯಲ್ಲ ನಿಮ್ಮ ಕಂಪ್ಯೂಟರಲ್ಲಿ! ಒಂದು ಹನಿ ಬರ್ಲಿಲ್ಲಮ್ಮ. ಹಿಂದಿನ ದಿನ ಬಂದು ಚಪ್ಪರ ಎಲ್ಲ ಒದ್ದೆ ಆಗಿತ್ತು, ಮದುವೆ ದಿನ ಬಿಸಿಲು. ನಾನು ಸಾಯೋವರೆಗೂ ಮರೆಯೋದಿಲ್ಲ ಅದನ್ನ.” ಹಳೆಯ ಅಂಕಿಗಳನ್ನು ಎಷ್ಟು ಸಲ ಹೋಲಿಸಿದರೂ ನನ್ನ ತಪ್ಪು ಎಲ್ಲಿದೆಯೆಂದು ಸಿಗಲಿಲ್ಲ.

ಹೀಗೆ ಅಟ್ಟ ಹತ್ತಿ ಇಳಿದು ಸಾಕಾಗಿ, ಇದಕ್ಕೆ ಏನಾದರೂ ದಾರಿ ಇದೆಯೇ ಎಂದು ಹುಡುಕುತ್ತಿದ್ದಾಗ ಒಂದು ಸಣ್ಣ ಸಾಧನ ಸಿಕ್ಕಿತು. ಯಾರೋ ಪುಣ್ಯಾತ್ಮರು ಮಾಡಿ ಎಲ್ಲರಿಗೂ ಬಿಟ್ಟುಕೊಟ್ಟದ್ದು. ಅದು ಮಾಡುವುದು ಇಷ್ಟೇ: ಡೇಟಾಬೇಸಿನೊಳಗೆ ಹೋಗಿ ನೋಡಿ, ಯಾವ ಟೇಬಲ್ಲಿನಲ್ಲಿ ಯಾವ ಕಾಲಂ, ಅದು ಅಂಕಿಯೋ ಅಕ್ಷರವೋ, ಖಾಲಿ ಬಿಡಬಹುದೋ ಬಾರದೋ ಎಂಬುದನ್ನೆಲ್ಲ ಪಟ್ಟಿ ಮಾಡಿ, ಆ ಟೇಬಲ್ಲಿಗೆ ಸಂಬಂಧಿಸಿದ ಕೋಡಿನ ಫೈಲಿನ ನೆತ್ತಿಯ ಮೇಲೆ ತಾನಾಗಿಯೇ ಬರೆದಿಡುತ್ತದೆ. ಕಾಮೆಂಟ್ ಆಗಿ. ಕಾಮೆಂಟ್ ಎಂದರೆ ಕಂಪ್ಯೂಟರ್ ಓದದೆ ದಾಟಿಹೋಗುವ ಸಾಲು. ಯಂತ್ರಕ್ಕೆ ಅದರಿಂದ ಏನೂ ಆಗಬೇಕಿಲ್ಲ. ಅದು ಇರುವುದು ಮುಂದೆ ಆ ಫೈಲು ತೆರೆಯುವ ಮನುಷ್ಯರಿಗಾಗಿ.

ಆ ಶನಿವಾರ ಬೆಳಿಗ್ಗೆ ಅದನ್ನು ಓಡಿಸಿದೆ. ಹೊರಗೆ ಮಂಜು ಇನ್ನೂ ಕರಗಿರಲಿಲ್ಲ, ಎದುರಿನ ಬೇಕರಿಯ ಬೋರ್ಡು ಕೂಡ ಕಾಣುತ್ತಿರಲಿಲ್ಲ. ಕಣ್ಣು ಮುಚ್ಚಿ ತೆಗೆಯುವುದರೊಳಗೆ ಕೆಲಸ ಮುಗಿದಿತ್ತು. ಒಂದು ಫೈಲು ತೆರೆದೆ. ಮೇಲೆ ನೀಟಾಗಿ ಪಟ್ಟಿ. ಇನ್ನೊಂದು ತೆರೆದೆ. ಅಲ್ಲೂ ಇತ್ತು. ಬಾಗಿಲಲ್ಲಿ ಹೆಸರಿನ ಫಲಕವಿಲ್ಲದ ಮನೆಗಳ ಒಂದು ಬೀದಿಗೆ ಒಂದೇ ಉಸಿರಿನಲ್ಲಿ ಯಾರೋ ಫಲಕ ಹಾಕಿಕೊಂಡು ಹೋದ ಹಾಗಿತ್ತು. ನಾನು ಕೈಯಲ್ಲಿ ಬರೆದಿದ್ದರೆ ವಾರ ಬೇಕಿತ್ತು, ಅದರಲ್ಲಿ ಅರ್ಧ ತಪ್ಪಾಗುತ್ತಿತ್ತು. ಖುಷಿಯಾಗಿ ಕೆಳಗೆ ಹೋಗಿ ಒಂದು ಕಾಫಿ ಕುಡಿದು ಬಂದೆ.

ಬಂದ ಮೇಲೆ ಆ ಸಾಧನದ ವಿವರಣೆಯನ್ನು ಪೂರ್ತಿ ಓದೋಣವೆನಿಸಿತು. ಅದರಲ್ಲಿ ಒಂದು ಆಯ್ಕೆ ಇತ್ತು: ಡೇಟಾಬೇಸಿನ ಒಳಗಿರುವ ಟಿಪ್ಪಣಿಗಳನ್ನೂ ಸೇರಿಸಿ ಬರೆ. ಡೇಟಾಬೇಸಿನಲ್ಲಿ ಪ್ರತಿ ಕಾಲಮ್ಮಿನ ಪಕ್ಕ ಒಂದು ಟಿಪ್ಪಣಿ ಬರೆದಿಡಲು ಜಾಗ ಇರುತ್ತದೆಂದು ಕೇಳಿ ಗೊತ್ತಿತ್ತು. ಆದರೆ ಯಾರೂ ಬರೆದದ್ದನ್ನು ನಾನು ಕಂಡಿರಲಿಲ್ಲ. ನಾನು ದಿನಾ ನೋಡುತ್ತಿದ್ದ ಕಿಟಕಿಯಲ್ಲಿ ಅದು ಕಾಣುತ್ತಲೂ ಇರಲಿಲ್ಲ. ಹೇಗೂ ಇರಲಾರದು, ನೋಡೋಣ ಎಂದು ಆ ಆಯ್ಕೆಯೊಂದಿಗೆ ಮತ್ತೆ ಓಡಿಸಿದೆ.

ಮಳೆಯ ಫೈಲು ತೆರೆದಾಗ ಮೊದಲು ಕಣ್ಣಿಗೆ ಬಿದ್ದದ್ದು ಪಟ್ಟಿ ವಕ್ರವಾಗಿರುವುದು. ಆಗಲೇ ಅಷ್ಟು ನೇರವಿದ್ದ ಗೆರೆಗಳು ಈಗ ಹಿಂದೆ ಮುಂದೆ ಜರುಗಿದ್ದವು. ಇಂಗ್ಲಿಷ್ ಅಕ್ಷರಗಳ ಅಗಲ ಎಣಿಸಿ ಜೋಡಿಸುವ ಸಾಧನಕ್ಕೆ ಒತ್ತು, ದೀರ್ಘಗಳ ಅಂದಾಜು ಸಿಕ್ಕಿರಲಿಲ್ಲ. ಯಾಕೆಂದರೆ ಅಲ್ಲಿ ಬಂದು ಕೂತದ್ದು ಕನ್ನಡ. ಸಾಲು ಸಾಲು ಕನ್ನಡ.

ದಿನಾಂಕದ ಪಕ್ಕ ಹೀಗಿತ್ತು: “ಅಳೆದ ದಿನ ಬೇರೆ, ಮಳೆ ಬಿದ್ದ ದಿನ ಬೇರೆ. ಇಲ್ಲಿ ಬರೆಯುವುದು ಅಳೆದ ದಿನ. ಬೆಳಿಗ್ಗೆ ಎಂಟೂವರೆಗೆ ಗೇಜಿನಲ್ಲಿ ಸಿಕ್ಕಿದ್ದು ಹೆಚ್ಚಾಗಿ ನಿನ್ನೆಯ ಮಳೆ.”

ಮದುವೆಯ ಮನೆಯವರ ಚಪ್ಪರ ನೆನಪಾಗಿ ಜೋರಾಗಿ ನಕ್ಕುಬಿಟ್ಟೆ. ಎಷ್ಟು ಹುಡುಕಿದರೂ ಸಿಗದಿದ್ದ ತಪ್ಪು ಒಂದು ಸಾಲಿನಲ್ಲಿ ಸಿಕ್ಕಿತ್ತು.

hu ಎಂಬುದರ ಪಕ್ಕ, ಕಾಫಿ ಗಿಡ ಹೂ ಬಿಡಲು ಬೇಕಾದ ಬೇಸಗೆಯ ಮಳೆಯ ಬಗ್ಗೆ: “ಹೂಮಳೆಯೋ ಅಲ್ಲವೋ. ಕ್ಯಾಲೆಂಡರ್ ನೋಡಿ ಬರೆಯಬೇಡಿ, ಗಿಡದ ಮೊಗ್ಗು ನೋಡಿ ಬರೆಯಿರಿ.”

an ಎಂಬುದರ ಪಕ್ಕ: “ಅಂದಾಜೋ, ಅಳತೆಯೋ. ಜ್ವರ ಬಂದು ಮಲಗಿದ ದಿನ ಅಂದಾಜು ಬರೆದರೆ ತಪ್ಪಲ್ಲ. ಅಂದಾಜನ್ನು ಅಳತೆ ಎಂದು ಬರೆದರೆ ತಪ್ಪು.”

ಅಷ್ಟು ಓದುವಾಗಲೇ ಕುರ್ಚಿಯಲ್ಲಿ ನೆಟ್ಟಗೆ ಕೂತಿದ್ದೆ. ಆಮೇಲೆ ne_ba ಬಂತು.

“ತೋಡಿನ ನೀರಿನ ಬಣ್ಣ. 0 ತಿಳಿ. 1 ಕಪ್ಪು ಚಹಾ. 2 ಹಾಲು ಹಾಕಿದ ಕಾಫಿ. 3 ಇಟ್ಟಿಗೆ. 3 ಕಂಡರೆ ಬರೆಯುತ್ತ ಕೂರಬೇಡಿ. ಮೊದಲು ಲೈನಿನವರಿಗೆ ಹೇಳಿ, ಆಮೇಲೆ ಬರೆಯಿರಿ.”

ಎಸ್ಟೇಟಿನಲ್ಲಿ ಕೆಲಸದವರು ಸಾಲಾಗಿ ಇರುವ ಮನೆಗಳಿಗೆ ಲೈನು ಎನ್ನುತ್ತಾರೆ. ತೋಡೆಂದರೆ ಗುಡ್ಡದಿಂದ ಇಳಿದು ತೋಟದ ಮಧ್ಯೆ ಹರಿಯುವ ಸಣ್ಣ ನೀರು. ಗುಡ್ಡ ಕುಸಿಯುವ ಮೊದಲು ತೋಡಿನ ನೀರು ಕೆಂಪಾಗುತ್ತದೆಂದು ನಮ್ಮ ಕಡೆ ಎಲ್ಲ ಹಿರಿಯರೂ ಹೇಳುತ್ತಾರೆ. ಹೇಳುವುದನ್ನು ಕೇಳಿದ್ದೆ. ಅದಕ್ಕೆ ಯಾರೋ ಒಂದು ಕಾಲಂ ಮಾಡಿ, ನಾಲ್ಕು ಬಣ್ಣಗಳಿಗೆ ನಾಲ್ಕು ಅಂಕಿ ಕೊಟ್ಟು, ಇಷ್ಟು ವರ್ಷ ಯಾರೂ ತೆರೆಯದ ಜಾಗದಲ್ಲಿ ಬರೆದಿಟ್ಟಿದ್ದರು. ಅದನ್ನು ಸೋಮವಾರ ಅಳಿಸಲು ನಾನು ಒಂದು ಸಾಲು ಬರೆದು ಇಟ್ಟುಕೊಂಡಿದ್ದೆ.

ಮೊದಲು ಆ ಆದೇಶದ ಫೈಲನ್ನು ಅಳಿಸಿದೆ. ಆಮೇಲೆ ಪಟ್ಟಿಯನ್ನು ಮೊದಲಿನಿಂದ ಓದಿದೆ. ಹದಿನೇಳು ಕಾಲಂ, ಹದಿನೇಳು ಟಿಪ್ಪಣಿ. ಒಂದರಲ್ಲೂ ಒಂದು ಹೆಚ್ಚಿನ ಮಾತಿರಲಿಲ್ಲ. ಆ ಕಾಲಮ್ಮುಗಳಿಗೆ ಹೆಸರಿಡಲು ಬೇಜಾರು ಪಟ್ಟ ಹುಡುಗ ಇವನ್ನು ಬರೆದಿರಲು ಸಾಧ್ಯವೇ ಇಲ್ಲ ಎನಿಸಿತು.

ಕಾರ್ಯದರ್ಶಿಗೆ ಫೋನು ಮಾಡಿ ಬಣ್ಣದ ಸಾಲನ್ನು ಓದಿ ಹೇಳಿದೆ.

“ಇನ್ನೊಂದ್ಸಲ ಓದು,” ಎಂದರು. ಓದಿದೆ.

“ಅದು ರೈಟ್ರು ಇರ್ಬೇಕಮ್ಮ. ಶ್ರೀಮಂಗಲದ ಹತ್ರ ಎಸ್ಟೇಟಲ್ಲಿ ರೈಟರ್ ಆಗಿದ್ದವರು. ಹುಡುಗ ಆ ಪ್ರೋಗ್ರಾಂ ಮಾಡುವಾಗ ರಿಜಿಸ್ಟರ್ ಹೇಗೆ ಓದೋದು ಅಂತ ತೋರಿಸ್ಲಿಕ್ಕೆ ಅವರನ್ನ ಕರೆಸಿದ್ವಿ. ಮೂರು ದಿನ ಬಂದು ಕೂತಿದ್ರು. ನಾವು ಅವರಿಗೆ ಊಟ ಕೊಟ್ಟದ್ದು ಬಿಟ್ರೆ ಬೇರೆ ಎಂತದೂ ಕೇಳ್ಲಿಲ್ಲ.”

“ಈಗ ಇದ್ದಾರಾ ಸರ್?”

“ಇದ್ದಾರೆ ಇದ್ದಾರೆ. ಗಟ್ಟಿ ಇದ್ದಾರೆ.”

ಎಸ್ಟೇಟಿನಲ್ಲಿ ಹಾಜರಿ ಹಿಡಿದು, ರಿಜಿಸ್ಟರ್ ಬರೆಯುವ ಗುಮಾಸ್ತರಿಗೆ ನಮ್ಮಲ್ಲಿ ರೈಟರ್ ಎಂದೇ ಹೆಸರು. ಕೆಲಸ ಬಿಟ್ಟ ಮೇಲೂ ಊರಿನವರಿಗೆ ಅವರು ರೈಟ್ರೇ. ಮುಂದಿನ ವಾರ ಮಳೆಯ ಫೈಲಿನ ನೆತ್ತಿಯ ಭಾಗವನ್ನು ದೊಡ್ಡ ಅಕ್ಷರದಲ್ಲಿ ಪ್ರಿಂಟು ತೆಗೆದು, ಪ್ಲಾಸ್ಟಿಕ್ ಕವರಿಗೆ ಹಾಕಿಕೊಂಡು, ಗೋಣಿಕೊಪ್ಪದ ಮೇಲೆ ಶ್ರೀಮಂಗಲದ ಬಸ್ಸು ಹತ್ತಿದೆ.

ಮನೆ ರಸ್ತೆಯ ಪಕ್ಕದಲ್ಲೇ ಇತ್ತು. ಸಣ್ಣ ಹೆಂಚಿನ ಮನೆ, ಬೇಲಿಗೆ ಹಬ್ಬಿದ ಕರಿಮೆಣಸು. ರೈಟ್ರು ಜಗಲಿಯಲ್ಲಿ ಕೂತು ಪೇಪರ್ ಓದುತ್ತಿದ್ದರು. ಎಪ್ಪತ್ತು ದಾಟಿದ ತೆಳ್ಳಗಿನ ಮನುಷ್ಯ, ಮಲಯಾಳಂ ಮನೆಮಾತು. ನಾನು ಯಾರು, ಯಾಕೆ ಬಂದೆ ಎಂದು ಹೇಳಿದಾಗ ಅವರಿಗೆ ಅರ್ಥವಾಗಲಿಲ್ಲ. ಹಾಳೆಯನ್ನು ಕೈಗೆ ಕೊಟ್ಟೆ.

ಕನ್ನಡಕ ಸರಿಮಾಡಿಕೊಂಡು ಮೇಲಿನಿಂದ ಓದತೊಡಗಿದರು. ಬೆರಳಿಟ್ಟು ಸಾಲು ಸಾಲಾಗಿ, ಹಾಜರಿ ಪುಸ್ತಕ ಓದಿದ ಹಾಗೆ. ಹದಿನೇಳೂ ಮುಗಿಯುವವರೆಗೆ ತಲೆ ಎತ್ತಲಿಲ್ಲ.

“ಇದು ಎಲ್ಲಿ ಸಿಕ್ತು ಮೋಳೆ?” ಎಂದರು. ಮೋಳೆ ಎಂದರೆ ಅವರ ಮಾತಿನಲ್ಲಿ ಮಗಳೇ.

“ಡೇಟಾಬೇಸಲ್ಲೇ ಇತ್ತು ರೈಟ್ರೇ. ನೀವು ಬರ್ದದ್ದಾ?”

“ನಾನು ಹೇಳಿದ್ದು, ಆ ಹುಡುಗ ಬರ್ದದ್ದು. ಅವನಿಗೆ ಬೇಜಾರು. ಕಾಲಂಗೆಲ್ಲ ಎರಡೆರಡು ಅಕ್ಷರ ಇಟ್ಟ. ನಾಳೆ ಬೇರೆಯವರು ಬಂದ್ರೆ ಇದು ಎಂತ ಅಂತ ಹೇಗೆ ಗೊತ್ತಾಗೋದು ಅಂತ ಕೇಳ್ದೆ. ಅದಕ್ಕೊಂದು ಜಾಗ ಉಂಟು ಅಂಕಲ್, ಆದ್ರೆ ಅದನ್ನ ಯಾರೂ ನೋಡೋದಿಲ್ಲ ಅಂದ. ನೋಡದಿದ್ರೆ ಬೇಡ, ಜಾಗ ಉಂಟಲ್ಲ, ಬರಿ ಅಂದೆ.” ಹಾಳೆಯ ಮೇಲೆ ಮತ್ತೆ ಬೆರಳಾಡಿಸಿದರು. “ಇಲ್ಲಿ ‘ಮೊಗ್ಗು’ ಅಂತ ಸರಿ ಬರ್ದಿದಾನೆ. ಆಗ ‘ಮಗ್ಗು’ ಅಂತ ಬರ್ದಿದ್ದ, ನಾನು ತಿದ್ದಿಸಿದ್ದು.”

ಒಳಗಿನಿಂದ ಅವರ ಹೆಂಡತಿ ಬೆಲ್ಲದ ಕಾಫಿ ತಂದಿಟ್ಟು, ಗಂಡನ ಮುಖವನ್ನೂ ಹಾಳೆಯನ್ನೂ ನೋಡಿ, “ಎಂದಾ ಅದ್?” ಎಂದು ಮಲಯಾಳದಲ್ಲಿ ಕೇಳಿದರು. “ಮಳ,” ಎಂದರು ರೈಟ್ರು. ಮಳೆ. ಆಕೆಗೆ ಅಷ್ಟು ಸಾಕಾಯಿತು, ಒಳಗೆ ಹೋದರು.

ನಾನು ಬಣ್ಣದ ಕಾಲಮ್ಮಿನ ಬಗ್ಗೆ ಕೇಳಿದೆ. ರೈಟ್ರು ಕಾಫಿಯ ಲೋಟವನ್ನು ಕೆಳಗಿಟ್ಟರು.

ಅವರು ಹೇಳಿದ್ದು ಇದು. ಎಷ್ಟೋ ವರ್ಷದ ಹಿಂದಿನ ಮಳೆಗಾಲ. ನಾಲ್ಕು ದಿನ ಬಿಡದೆ ಸುರಿದಿತ್ತು. ಐದನೆಯ ಬೆಳಿಗ್ಗೆ ಅವರು ಎಸ್ಟೇಟಿನ ಆಫೀಸಿನಲ್ಲಿ ಕೂತು ಗೇಜಿನ ಅಳತೆ ಬರೆಯುತ್ತಿದ್ದರು. ಲೈನಿನ ಒಬ್ಬ ಹೆಂಗಸು, ತಮಿಳಿನವಳು, ಬಾಗಿಲಲ್ಲಿ ಬಂದು ನಿಂತಳು. ತಲೆಗೆ ಗೋಣಿ ಹೊದ್ದಿದ್ದಳು. “ಅಯ್ಯಾ, ತಣ್ಣಿ ಸೆಂಗಲ್ ಮಾದಿರಿ ವರುದು,” ಎಂದಳು. ನೀರು ಇಟ್ಟಿಗೆಯ ಹಾಗೆ ಬರುತ್ತಿದೆ.

“ಮಳೆಗಾಲದಲ್ಲಿ ನೀರು ಕೆಂಪಾಗದೆ ಬೆಳ್ಳಗಾಗ್ತದಾ, ಹೋಗು ಅಂದೆ ನಾನು,” ಎಂದರು ರೈಟ್ರು. “ಹೋದಳು. ನಾನು ಬರೀತಾ ಇದ್ದೆ. ಆ ದಿನ ಭಾರಿ ಅಳತೆ. ಅಷ್ಟು ದೊಡ್ಡ ಅಂಕಿ ನಾನು ಅದುವರೆಗೆ ಬರ್ದೇ ಇರ್ಲಿಲ್ಲ. ಚೆಂದ ಬರೀಬೇಕು ಅಂತ ಗೆರೆ ಎಳೀತಾ ಕೂತಿದ್ದೆ.”

ಸ್ವಲ್ಪ ಹೊತ್ತಿಗೆ ಆಕೆ ಮತ್ತೆ ಬಂದಳು. ಈ ಸಲ ಬಾಗಿಲಲ್ಲಿ ನಿಲ್ಲಲಿಲ್ಲ. ನೇರ ಒಳಗೆ ಬಂದು, ಸೊಂಟದಲ್ಲಿದ್ದ ಕೊಡವನ್ನು ರಿಜಿಸ್ಟರಿನ ಮೇಲೆ ಕುಕ್ಕಿದಳು. ನೀರು ತುಳುಕಿ, ಆಗಷ್ಟೇ ಬರೆದ ಶಾಯಿ ಹರಡಿತು.

“ಕೂಗಿದೆ ಮೋಳೆ. ಬಾಯಿಗೆ ಬಂದದ್ದು ಹೇಳಿದೆ. ಅವಳು ಎಂತದೂ ಹೇಳ್ಲಿಲ್ಲ. ಕೊಡಕ್ಕೆ ಬೆರಳು ತೋರಿಸಿ ನಿಂತಳು. ಆಮೇಲೆ ನೋಡಿದೆ ನಾನು. ಅದು ಕೆಸರು ನೀರಲ್ಲ. ಕೆಸರಿನ ಬಣ್ಣ ನಂಗೆ ಗೊತ್ತಿಲ್ವಾ? ಅದು ಮಣ್ಣೇ. ಗುಡ್ಡದ ಒಳಗಿನ ಮಣ್ಣು. ಮೂಗಿಗೆ ಹಸಿ ಬೇರಿನ ವಾಸನೆ ಬಂತು.”

ರೈಟ್ರು ಓಡಿಹೋಗಿ ಕೆಲಸಕ್ಕೆ ಕರೆಯುವ ಗಂಟೆ ಬಾರಿಸಿದರು. ಮಳೆಯ ದಿನ, ಕೆಲಸವಿಲ್ಲದ ಹೊತ್ತಿನಲ್ಲಿ ಗಂಟೆ ಬಡಿದದ್ದಕ್ಕೇ ಜನ ಹೆದರಿ ಹೊರಗೆ ಬಂದರು. ಮಕ್ಕಳು, ಮುದುಕರು, ಒಬ್ಬಳು ಹೆತ್ತು ಎಂಟು ದಿನವಾದ ಬಾಣಂತಿ, ಎಲ್ಲರನ್ನೂ ಎದುರಿನ ದಿಬ್ಬದ ಮೇಲಿನ ಕಾಫಿ ಗೋಡೌನಿಗೆ ಹತ್ತಿಸಿದರು. ಮಧ್ಯಾಹ್ನದ ಗಂಜಿಗೆ ನೀರಿಡುವ ಹೊತ್ತಿಗೆ ಲೈನಿನ ಹಿಂದಿನ ಗುಡ್ಡ ಇಳಿಯಿತು. ಸದ್ದು ದೊಡ್ಡದಿರಲಿಲ್ಲವಂತೆ. ಲಾರಿಯಿಂದ ಜಲ್ಲಿ ಸುರಿದಷ್ಟು. ಎರಡು ಹಸು ಹೋದವು. ಆರು ಮನೆ ಹೋದವು. ಮನುಷ್ಯರು ಯಾರೂ ಹೋಗಲಿಲ್ಲ.

“ಆಮೇಲಿಂದ ನನ್ನ ರಿಜಿಸ್ಟರಲ್ಲಿ ನೀರಿನ ಬಣ್ಣಕ್ಕೆ ಒಂದು ಕಾಲಂ ಎಳೆದೆ. ದಿನಾ ಬೆಳಿಗ್ಗೆ ಲೈನಿನವರನ್ನ ಕೇಳಿಯೇ ಬರೀತಿದ್ದೆ. ಬಣ್ಣದ ಹೆಸರೆಲ್ಲ ಅವರದೇ. ಇಟ್ಟಿಗೆ ಅಂದದ್ದು ಅವಳು.”

“‘ಬರೆಯುತ್ತ ಕೂರಬೇಡಿ’ ಅಂತ ಹೇಳಿದ್ದೀರಲ್ಲ, ರೈಟ್ರೇ?”

ಅವರು ನಗಲಿಲ್ಲ. “ಅದು ಬೇರೆಯವರಿಗಲ್ಲ. ನಂಗೆ ನಾನೇ ಹೇಳಿದ್ದು.”

ಆ ಹೆಂಗಸು ಈಗ ಎಲ್ಲಿ ಎಂದು ಕೇಳಿದೆ. ಮಗಳ ಮನೆಗೆ ಹೋದಳು, ಘಟ್ಟದ ಕೆಳಗೆ ಎಲ್ಲೋ, ಇದ್ದಾಳೋ ಇಲ್ಲವೋ ತಿಳಿಯದು ಎಂದರು. ಅವಳ ಗುರುತು ಹಾಜರಿ ಪುಸ್ತಕದಲ್ಲಿ ಒಂದು ಅಂಕಿ. ಆ ಪುಸ್ತಕವೂ ಗೆದ್ದಲು ಹಿಡಿದು ಹೋಗಿತ್ತು. ನಾನು ಹಾಳೆಯ ಕಡೆ ನೋಡಿದೆ. ಗೋಣಿ ಹೊದ್ದು ಬಂದ ಒಬ್ಬ ಹೆಂಗಸು ಮಳೆಯಲ್ಲಿ ನಿಂತು ಆಡಿದ ಒಂದು ಮಾತು, ತಮಿಳಿನಿಂದ ಕನ್ನಡಕ್ಕೆ ಬಂದು, ರೈಟ್ರ ಬಾಯಿಂದ ಹುಡುಗನ ಬೆರಳಿಗೆ ಇಳಿದು, ಡೇಟಾಬೇಸಿನ ಮೂಲೆಯಲ್ಲಿ ವರ್ಷಗಟ್ಟಲೆ ಕೂತು, ಯಾವುದೋ ದೇಶದ ಯಾರೋ ಮಾಡಿದ ಸಾಧನದ ಕೈ ಹಿಡಿದು ನನ್ನ ಮುಂದೆ ಬಂದಿತ್ತು. ಕಾಫಿ ಆರಿತ್ತು. ಆರಿದ್ದನ್ನೇ ಕುಡಿದೆ.

ವಾಪಸು ಬರುವಾಗ ಬಸ್ಸು ತುಂಬ ಜನ. ಕಂಬಿ ಹಿಡಿದು ನಿಂತು ಬಂದೆ. ದಾರಿಯಲ್ಲಿ ಸಿಕ್ಕ ಪ್ರತಿ ಮೋರಿಯ ಕೆಳಗೂ ಬಗ್ಗಿ ನೀರು ನೋಡಿದೆ. ಬೇಸಗೆ, ಹೆಚ್ಚಿನ ಕಡೆ ನೀರೇ ಇರಲಿಲ್ಲ. ಆದರೂ ನೋಡಿದೆ.

ಮರುದಿನದಿಂದ ಅಪ್ಲಿಕೇಶನ್ನಿಗೆ ಬೇರೆಯೇ ರೀತಿಯಲ್ಲಿ ಕೈ ಹಾಕಿದೆ. ಯಾರು ಯಾವ ಕಾಲಂ ಸೇರಿಸಿದರೂ, ಬದಲಿಸಿದರೂ, ಸಾಧನ ತಾನಾಗಿಯೇ ಓಡಿ ಫೈಲುಗಳ ನೆತ್ತಿಯ ಪಟ್ಟಿಯನ್ನು ಹೊಸದು ಮಾಡುವ ಹಾಗೆ ಜೋಡಿಸಿದೆ. ಟಿಪ್ಪಣಿ ಬರೆಯದೆ ಹೊಸ ಕಾಲಂ ಸೇರಿಸಿದರೆ ಕೆಲಸ ಮುಂದೆ ಹೋಗದ ಹಾಗೆ ಒಂದು ತಡೆ ಹಾಕಿದೆ. ಅದಾದ ಮೇಲೆ, ನಾನು ನೋಡಿದ್ದನ್ನು ಎಸ್ಟೇಟಿನವರು ಯಾಕೆ ನೋಡಬಾರದು ಎನಿಸಿತು. ಮೊಬೈಲಿನ ಪುಟದಲ್ಲಿ ಪ್ರತಿ ಚೌಕದ ಕೆಳಗೂ ಅದರ ಟಿಪ್ಪಣಿಯನ್ನು ಡೇಟಾಬೇಸಿನಿಂದಲೇ ತಂದು ತೋರಿಸಿದೆ. ರೈಟ್ರ ಮಾತು, ಒಂದಕ್ಷರ ಬದಲಿಸದೆ. ಬಣ್ಣದ ಚೌಕದಲ್ಲಿ ಮೂರು ಎಂದು ಒತ್ತಿದರೆ ಮುಂದಿನ ಚೌಕ ಬರುವುದಿಲ್ಲ. ಪುಟವೆಲ್ಲ ಅಳಿದು, “ಮೊದಲು ಲೈನಿನವರಿಗೆ ಹೇಳಿ” ಎಂದಷ್ಟೇ ದೊಡ್ಡದಾಗಿ ಬರುತ್ತದೆ. ಹೇಳಿದೆ ಎಂದು ಒತ್ತಿದ ಮೇಲೆ ಉಳಿದದ್ದು. ಸೊಸೈಟಿಗೂ ಆಗಲೇ ಸುದ್ದಿ ಹೋಗುತ್ತದೆ.

ಕಾರ್ಯದರ್ಶಿಗೆ ತೋರಿಸಿದಾಗ ಅವರು ಸೊನ್ನೆ, ಒಂದು, ಎರಡು ಎಲ್ಲ ಒತ್ತಿ ನೋಡಿದರು. ಮೂರರ ಹತ್ತಿರ ಬೆರಳು ತಂದು ನಿಲ್ಲಿಸಿದರು.

“ಇದು ಟ್ರಯಲ್ ಅಲ್ವಾ? ಒತ್ತಿದ್ರೆ ಎಲ್ಲಿಗೂ ಹೋಗೋದಿಲ್ಲ ತಾನೆ?”

“ಹೋಗೋದಿಲ್ಲ ಸರ್, ಒತ್ತಿ.”

“ಬೇಡ ಬಿಡು,” ಎಂದು ಫೋನನ್ನು ನನ್ನ ಕೈಗೆ ಕೊಟ್ಟುಬಿಟ್ಟರು.

ಮಳೆಗಾಲ ಬಂತು. ಮೊದಲ ವಾರ ಬಣ್ಣದ ಕಾಲಂ ಖಾಲಿ. ಎರಡನೆಯ ವಾರ ಒಂದೆರಡು ಕಡೆಯಿಂದ ಬರತೊಡಗಿತು. ಆಮೇಲೆ ಒಬ್ಬರನ್ನು ನೋಡಿ ಒಬ್ಬರು. ಒಂದು ಎಸ್ಟೇಟಿನಿಂದ ಹಾಲು ಹಾಕಿದ ಕಾಫಿ ಮೂರು ದಿನ ಒಂದೇ ಸಮ ಬಂದಾಗ ಕಾರ್ಯದರ್ಶಿಯೇ ಜೀಪು ಹತ್ತಿ ಹೋಗಿ ನೋಡಿಕೊಂಡು ಬಂದರು. “ಎಂತ ಗೊತ್ತುಂಟಾ,” ಎಂದು ಅಲ್ಲಿಂದಲೇ ಫೋನು ಮಾಡಿದರು, “ಇಲ್ಲಿ ಬಣ್ಣ ಹೇಳ್ಲಿಕ್ಕೆ ಲೈನಿನ ಹೆಂಗಸರು ಪಾಳಿ ಹಾಕ್ಕೊಂಡಿದ್ದಾರೆ. ಇವತ್ತು ನಿಂದು, ನಾಳೆ ಅವಳದು ಅಂತ. ಓನರ್ ಬರೀಲಿಕ್ಕೆ ಮರೆತ್ರೆ ಬೈತಾರಂತೆ!” ಹಿಂದಿನಿಂದ ಹೆಂಗಸರ ನಗು ಕೇಳಿಸಿತು. ಮೇಲಿನ ಮೋರಿ ಕಟ್ಟಿಕೊಂಡು ನೀರು ತಿರುಗಿದ್ದರಿಂದ ಆ ಬಣ್ಣ, ಬಿಡಿಸಿದ ಮೇಲೆ ತಿಳಿಯಾಯಿತು ಎಂದರು. ಹೊಸ ಪುಟ ಬಂದ ಮೇಲೆ ಇದುವರೆಗೆ ಮೂರು ಎಲ್ಲಿಂದಲೂ ಬಂದಿಲ್ಲ. ಪ್ರತಿ ದಿನ ಬೆಳಿಗ್ಗೆ ಒಂಬತ್ತಕ್ಕೆ ನಾನು ಆ ಕಾಲಂ ನೋಡುತ್ತೇನೆ. ಮೇಲಿನಿಂದ ಕೆಳಗೆ ಸೊನ್ನೆ, ಸೊನ್ನೆ, ಒಂದು, ಸೊನ್ನೆ. ಇಡೀ ದಕ್ಷಿಣ ಕೊಡಗಿನ ತೋಡುಗಳು ಒಂದರ ಕೆಳಗೊಂದು ನಿಂತು ಹಾಜರಿ ಹೇಳುತ್ತವೆ.

ಆ ಮಳೆಗಾಲ ಮುಗಿಯುವ ಹೊತ್ತಿಗೆ ಹದಿನೆಂಟನೆಯ ಕಾಲಮ್ಮಿನ ಅಗತ್ಯ ಬಿತ್ತು. ಕೆಲವು ಕಡೆ ಗೇಜಿನ ಮೇಲೆ ಮರದ ಕೊಂಬೆ ಚಾಚಿ, ಅಳತೆ ಕಡಿಮೆ ಬರುತ್ತಿತ್ತು. ಅದನ್ನು ಗುರುತಿಸಲು ಒಂದು ಕಾಲಂ ಮಾಡಿ, kombe ಎಂದು ಹೆಸರಿಟ್ಟೆ. ಟಿಪ್ಪಣಿ ಬರೆಯದಿದ್ದರೆ ನಾನೇ ಹಾಕಿದ ತಡೆ ನನ್ನನ್ನೂ ಬಿಡುವುದಿಲ್ಲವಲ್ಲ. “ಮಳೆಮಾಪಕದ ಪರಿಸರದಲ್ಲಿನ ಅಡಚಣೆಯ ಸ್ಥಿತಿ” ಎಂದು ಬರೆದೆ. ಗಂಭೀರವಾಗಿದೆ ಎನಿಸಿತು. ರೈಟ್ರಿಗೆ ಫೋನು ಮಾಡಿ ಓದಿದೆ.

“ಇದು ಯಾವ ಭಾಷೆ ಮೋಳೆ?” ಎಂದರು.

“ಕನ್ನಡವೇ ರೈಟ್ರೇ.”

“ನೀನು ಆ ಗೇಜಿನ ಹತ್ರ ಹೋಗಿ ನೋಡಿದ್ದೀಯಾ?”

ಹೋಗಿರಲಿಲ್ಲ. ಅದುವರೆಗೆ ಹೋಗಬೇಕು ಎಂದೂ ಅನಿಸಿರಲಿಲ್ಲ. ಮೂರ್ನಾಡಿನ ಹತ್ತಿರವೇ ಅಂಥ ಒಂದು ಎಸ್ಟೇಟು ಇತ್ತು. ಮರುದಿನ ಬೆಳಿಗ್ಗೆ ಎಂಟೂವರೆಗೆ ಸರಿಯಾಗಿ ಅಲ್ಲಿದ್ದೆ. ಮನೆಯ ಯಜಮಾನಿ ಗೇಜಿನ ಬಾಯಿ ಬಿಚ್ಚಿ ನೀರನ್ನು ಗಾಜಿಗೆ ಸುರಿದು, ಕಣ್ಣಿನ ಮಟ್ಟಕ್ಕೆ ಎತ್ತಿ ಹಿಡಿದು ನೋಡಿದರು. ನಾನು ಗೇಜಿನ ಪಕ್ಕ ನಿಂತು ತಲೆ ಎತ್ತಿದೆ. ಹಲಸಿನ ಮರದ ಒಂದು ಕೊಂಬೆ ಅಡ್ಡ ಚಾಚಿತ್ತು. ಮಳೆ ನಿಂತು ಗಂಟೆಯಾಗಿತ್ತು, ಎಲೆಯ ತುದಿಯಿಂದ ದಪ್ಪ ಹನಿಯೊಂದು ಜಾರಿ ನನ್ನ ಹಣೆಯ ಮೇಲೆ ಬಿತ್ತು. ಅಲ್ಲೇ ನಿಂತು ಫೋನಿನಲ್ಲಿ ಬರೆದುಕೊಂಡೆ. ಅಳಿಸಿ ಮತ್ತೆ ಬರೆದೆ. ಯಜಮಾನಿ ತಿಂಡಿಗೆ ಕರೆದರು, ಒಂದು ನಿಮಿಷ ಅಕ್ಕ ಎಂದೆ. ಮೂರು ಸಣ್ಣ ವಾಕ್ಯಕ್ಕೆ ಅರ್ಧ ಗಂಟೆ ಹಿಡಿಯಿತು.

ರೈಟ್ರಿಗೆ ಅಲ್ಲಿಂದಲೇ ಓದಿ ಹೇಳಿದೆ: “ಗೇಜಿನ ಪಕ್ಕ ನಿಂತು ತಲೆ ಎತ್ತಿ ನೋಡಿ. ಆಕಾಶದ ಬದಲು ಎಲೆ ಕಂಡರೆ 1 ಬರೆಯಿರಿ. ಎಲೆಯಿಂದ ತೊಟ್ಟಿಕ್ಕಿದ್ದು ಮಳೆಯಲ್ಲ.”

ಆ ಕಡೆ ಅವರು ಅದನ್ನು ತಮ್ಮಷ್ಟಕ್ಕೆ ಒಮ್ಮೆ ಹೇಳಿಕೊಂಡದ್ದು ಕೇಳಿಸಿತು.

“ಹ್ಞಾಂ,” ಎಂದರು. “ಇದನ್ನ ಹಾಕು. ಆಮೇಲೆ ಆ ಅಕ್ಕನಿಗೆ ಹೇಳಿ ಕೊಂಬೆ ಕಡಿಸು.”